ಎಲ್ಲವೂ ಮುಪ್ಪಿನ ಕಾಯಿಲೆಯಲ್ಲ

ಈ ತಿಂಗಳ ಬರಹ ಅರವತ್ತು ದಾಟಿದವರಿಗೆ. ಕಣ್ಣು ಮಂಜಾಗಿದ್ದರೆ ಮೊಮ್ಮಕ್ಕಳಿಂದ ಓದಿಸಿಕೊಂಡು ಕೇಳಿ. ಮಗ, ಸೊಸೆ, ಮಗಳು, ಅಳಿಯ ಓದಿದರೂ ಅಡ್ಡಿಲ್ಲ, ಒಳ್ಳೆಯದೇ. ನಾಳೆ ಅವರಿಗೂ ಅರವತ್ತಾಗುತ್ತದೆ.

ಹಿರಿಯರ ಮೇಲಿನ ದೌರ್ಜನ್ಯ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಹೊಡೆತ ಬಡಿತ, ಮನೆಯಿಂದ ಹೊರದಬ್ಬಿದ ತಾಯಿಯ ಚಿತ್ರ. ‘ನಮ್ಮಲ್ಲಿ ಅಂಥದ್ದೇನಿಲ್ಲ’ ಎಂದು ಪುಟ ತಿರುಗಿಸಿಬಿಡುತ್ತೇವೆ. ಆದರೆ ವೈದ್ಯರ ಬಳಿಗೆ ಅದು ಆ ರೂಪದಲ್ಲಿ ಬರುವುದು ಅಪರೂಪ. ಬರುವುದು ಕಾಯಿಲೆಯ ರೂಪದಲ್ಲಿ. ಒಂದೆರಡು ತಿಂಗಳಲ್ಲಿ ಇಳಿದ ತೂಕ, ಒಣಗಿದ ನಾಲಗೆ, ಹಿಡಿತಕ್ಕೆ ಬಾರದ ಸಕ್ಕರೆ, ಪದೇಪದೇ ಉರಿಮೂತ್ರ, ಇಲ್ಲವೇ ಹಗಲಿಡೀ ಮಂಪರು. ಜೊತೆಗೆ ಬಂದವರು ‘ವಯಸ್ಸಾಯ್ತಲ್ಲ ಡಾಕ್ಟ್ರೇ’ ಎನ್ನುತ್ತಾರೆ. ರೋಗಿಯೂ ತಲೆಯಾಡಿಸುತ್ತಾರೆ. ಎಷ್ಟೋ ಸಲ ಅದು ನಿಜವೇ. ಕೆಲವು ಸಲ ಮಾತ್ರ, ಮುಪ್ಪಿನ ಹೆಸರಿನ ಹಿಂದೆ ಬೇರೊಂದು ಕಾರಣ ಅಡಗಿ ಕುಳಿತಿರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅರ್ಥೈಸುವ ರೀತಿಯನ್ನು ಸರಳವಾಗಿ ಹೀಗೆ ಹೇಳಬಹುದು: ನಂಬಿಕೆ ಇರಬೇಕಾದ ಸಂಬಂಧದೊಳಗೆ ಹಿರಿಯರಿಗೆ ಹಾನಿ ಅಥವಾ ನೋವು ತರುವ ನಡತೆ. ಮಾಡಬಾರದ್ದನ್ನು ಮಾಡುವುದಷ್ಟೇ ಅಲ್ಲ, ಮಾಡಬೇಕಾದದ್ದನ್ನು ಮಾಡದೆ ಬಿಡುವುದೂ ಇದರಲ್ಲಿ ಸೇರುತ್ತದೆ. ಜಗತ್ತಿನಲ್ಲಿ ಅರವತ್ತು ದಾಟಿದ ಆರು ಮಂದಿಯಲ್ಲಿ ಒಬ್ಬರು ಒಂದು ವರ್ಷದ ಅವಧಿಯಲ್ಲಿ ಇಂಥ ಯಾವುದಾದರೊಂದನ್ನು ಅನುಭವಿಸುತ್ತಾರೆ ಎಂಬುದು ಆ ಸಂಸ್ಥೆಯ ಅಂದಾಜು. ನಮ್ಮ ದೇಶದಲ್ಲಿ 2017-18ರಲ್ಲಿ ನಡೆದ ದೊಡ್ಡ ಸಮೀಕ್ಷೆಯಲ್ಲಿ ಹೌದೆಂದು ಹೇಳಿದವರು ನೂರಕ್ಕೆ ಸುಮಾರು ಐದು ಮಂದಿ. ನಮ್ಮ ಕುಟುಂಬಗಳು ಅಷ್ಟು ಒಳ್ಳೆಯವು ಎಂದು ಇದರಿಂದ ಸಮಾಧಾನಪಡಲು ನನಗೆ ಧೈರ್ಯವಿಲ್ಲ. ಒಳಗೆ ಮಗ, ಅಡುಗೆಮನೆಯಲ್ಲಿ ಸೊಸೆ ಇರುವಾಗ ಜಗಲಿಯಲ್ಲಿ ಕೂತು ಅಪರಿಚಿತರ ಮುಂದೆ ‘ಹೌದು’ ಎನ್ನುವ ತಾಯಂದಿರು ನಮ್ಮಲ್ಲಿ ಎಷ್ಟಿದ್ದಾರೆ?

ಆರು ಅಗತ್ಯಗಳ ಕನ್ನಡಿ

ಯೂನಾನಿ ವೈದ್ಯದ ಪ್ರಕಾರ ಮುಪ್ಪಿನ ಮಿಝಾಜ್ ಶೀತ ಮತ್ತು ಶುಷ್ಕ. ದೇಹದ ಬಿಸಿಯೂ ಕಡಿಮೆ, ತೇವವೂ ಕಡಿಮೆ. ಸಾವಿರ ವರ್ಷಗಳ ಹಿಂದೆಯೇ ಇಬ್ನ್ ಸೀನಾ ತಮ್ಮ ‘ಅಲ್ ಖಾನೂನ್’ ಗ್ರಂಥದಲ್ಲಿ ವೃದ್ಧರ ಪಾಲನೆಗೆಂದು ಬೇರೆಯೇ ಭಾಗ ಇಟ್ಟರು. ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ ಹಂಚಿ ಕೊಡುವುದು, ಹಿತಮಿತವಾಗಿ ಎಣ್ಣೆ ತಿಕ್ಕುವುದು, ನಿದ್ದೆಗೆ ಅವಕಾಶ ಮಾಡಿಕೊಡುವುದು, ಮಲಬದ್ಧತೆಯಾಗದಂತೆ ನೋಡಿಕೊಳ್ಳುವುದು ಅದರಲ್ಲಿವೆ. ಗಮನಿಸಿ, ಇದರಲ್ಲಿ ಬಹುಪಾಲು ಇನ್ನೊಬ್ಬರ ಕೈಯಿಂದ ಆಗಬೇಕಾದದ್ದು. ಆ ಕೈ ಹಿಂದೆ ಸರಿದರೆ ಮೊದಲು ಗೊತ್ತಾಗುವುದು ದೇಹಕ್ಕೆ.

ಬದುಕಿಗೆ ಆರು ಸಂಗತಿಗಳು ಅನಿವಾರ್ಯ ಎಂದು ನಮ್ಮ ವೈದ್ಯ ಹೇಳುತ್ತದೆ. ಇವಕ್ಕೆ ಅಸ್ಬಾಬೆ ಸಿತ್ತಾ ಝರೂರಿಯ್ಯಾ ಎನ್ನುತ್ತೇವೆ. ಗಾಳಿ, ಅನ್ನ ನೀರು, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಎಚ್ಚರ, ಮಲಮೂತ್ರಾದಿಗಳ ವಿಸರ್ಜನೆ. ಈ ಆರನ್ನು ಕನ್ನಡಿಯಂತೆ ಹಿಡಿದು ನಿಮ್ಮ ದಿನವನ್ನೊಮ್ಮೆ ನೋಡಿಕೊಳ್ಳಿ. ನಿಮ್ಮ ಕೋಣೆಯ ಕಿಟಕಿ ತೆರೆಯುತ್ತದೆಯೇ? ಬಾಗಿಲಿನ ಚಿಲಕ ಹೊರಗಿನಿಂದ ಬೀಳುತ್ತದೆಯೇ? ಮನೆಯವರು ಉಂಡ ಮೀನು ನಿಮ್ಮ ತಟ್ಟೆಗೂ ಬರುತ್ತದೆಯೇ, ಅಥವಾ ನಿಮಗೆ ಗಂಜಿ ಸಾಕೆಂದು ಯಾರೋ ತೀರ್ಮಾನಿಸಿಬಿಟ್ಟಿದ್ದಾರೆಯೇ?

ನೀರಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ವಯಸ್ಸಾದಂತೆ ಬಾಯಾರಿಕೆಯ ಅರಿವೇ ಕುಗ್ಗುತ್ತದೆ. ಅದರ ಮೇಲೆ ಅನೇಕ ತಾಯಂದಿರು ಬೇಕೆಂದೇ ನೀರು ಬಿಡುತ್ತಾರೆ. ರಾತ್ರಿ ಎರಡು ಸಲ ಎದ್ದರೆ ಬಚ್ಚಲಿಗೆ ಕರೆದೊಯ್ಯಲು ಯಾರನ್ನಾದರೂ ಎಬ್ಬಿಸಬೇಕು, ಎಬ್ಬಿಸಿದರೆ ಒಂದು ಮಾತು ಕೇಳಬೇಕು. ಅದಕ್ಕಿಂತ ಮಗ್‌ರಿಬ್ ನಂತರ ನೀರೇ ಬೇಡ! ಕೆಲವೇ ದಿನಗಳಲ್ಲಿ ಮೂತ್ರ ಗಾಢವಾಗಿ ಸೋಂಕು ತಗಲುತ್ತದೆ. ವಯಸ್ಸಾದವರಲ್ಲಿ ಈ ಸೋಂಕು ಜ್ವರವಿಲ್ಲದೆಯೂ ಬಂದು ಬುದ್ಧಿಯನ್ನೇ ಮಂಕಾಗಿಸಬಹುದು. ಆಗ ‘ಅಮ್ಮಿಗೆ ಮರೆವು ಶುರುವಾಯ್ತು’ ಎನ್ನುತ್ತಾರೆ. ಬೈಯುವವರು ನೀರಿನ ಲೋಟ ಕಿತ್ತುಕೊಳ್ಳಲಿಲ್ಲ ನಿಜ. ಆದರೆ ಹೆದರಿ ನೀರು ಬಿಡುವಂತಾದರೆ ಆ ಮನೆಯಲ್ಲಿ ಏನೋ ಸರಿಯಿಲ್ಲ. ಹಗಲು ಹೊತ್ತಿನಲ್ಲೇ ಹೆಚ್ಚು ನೀರು ಕುಡಿಯಿರಿ. ಹಾಸಿಗೆಯ ಬಳಿ ಮೂತ್ರದ ಪಾತ್ರೆಯೋ ಕಮೋಡ್ ಕುರ್ಚಿಯೋ ಇಡಿಸಿಕೊಳ್ಳಿ. ಅದನ್ನು ಕೇಳುವುದರಲ್ಲಿ ನಾಚಿಕೆಯೇನಿಲ್ಲ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯಿದ್ದು ನೀರಿಗೆ ಮಿತಿ ಹೇಳಿದ್ದರೆ ಮಾತ್ರ ವೈದ್ಯರನ್ನು ಕೇಳಿ ಅಳತೆ ಇಟ್ಟುಕೊಳ್ಳಿ.

ಔಷಧಿಯಲ್ಲೂ ಎರಡು ಬಗೆಯ ಅನ್ಯಾಯ ನಡೆಯುತ್ತದೆ. ಒಂದು, ಬಿ.ಪಿ., ಸಕ್ಕರೆಯ ಗುಳಿಗೆ ಮುಗಿದು ವಾರವಾದರೂ ತರದಿರುವುದು. ಇನ್ನೊಂದು, ‘ರಾತ್ರಿ ಕಾಟ ತಪ್ಪಲಿ’ ಎಂದು ವೈದ್ಯರು ಬರೆಯದ ನಿದ್ದೆಗುಳಿಗೆ ಕೊಡುವುದು, ಅಥವಾ ಒಂದು ಬರೆದದ್ದನ್ನು ಎರಡು ಮಾಡುವುದು. ನಿದ್ದೆಗುಳಿಗೆ ತಿಂದ ವೃದ್ಧರು ಎದ್ದಾಗ ಜೋಲಿ ಹೊಡೆದು ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುತ್ತಾರೆ. ನಿಮ್ಮ ಗುಳಿಗೆಗಳ ಬಣ್ಣ, ಆಕಾರ, ಸಂಖ್ಯೆ ನಿಮಗೆ ಗೊತ್ತಿರಲಿ. ಹೊಸದೊಂದು ಕಂಡರೆ ‘ಇದು ಯಾಕೆ?’ ಎಂದು ಕೇಳಿ. ಯೂನಾನಿ ಮಾಜೂನ್, ಖಮೀರಾಗಳಿಗೂ ಈ ಮಾತು ಅನ್ವಯ. ನಮ್ಮ ಔಷಧಿ ಎಂದು ಕಣ್ಣು ಮುಚ್ಚಿ ನುಂಗಬೇಡಿ. ಹಲವು ಮಾಜೂನ್‌ಗಳಲ್ಲಿ ಜೇನು, ಸಕ್ಕರೆ ಇರುತ್ತದೆ.

ಇನ್ನು ಮೈಮೇಲಿನ ಗುರುತುಗಳು. ಇಲ್ಲಿ ಅವಸರದ ತೀರ್ಪು ಬೇಡ. ವಯಸ್ಸಾದವರ ಚರ್ಮ ಕಾಗದದಷ್ಟು ತೆಳು. ರಕ್ತ ತೆಳುವಾಗಿಸುವ ಗುಳಿಗೆ ತಿನ್ನುವವರಿಗೆ ಮಂಚದ ಕಾಲು ತಾಗಿದರೂ ನೀಲಿ ಕಲೆ ಏಳುತ್ತದೆ. ಮುಂಗೈಯ ಹೊರಭಾಗ, ಮೊಣಕಾಲಿನ ಕೆಳಗೆ ಇಂಥ ಕಲೆಗಳು ಸಾಮಾನ್ಯ. ಆದರೆ ಎರಡೂ ರಟ್ಟೆಗಳಲ್ಲಿ ಬೆರಳು ಒತ್ತಿದಂಥ ಕಲೆ, ಕಿವಿ, ಕುತ್ತಿಗೆ, ಬೆನ್ನು, ತೊಡೆಯ ಒಳಭಾಗದ ಕಲೆ, ಮಣಿಕಟ್ಟಿನ ಸುತ್ತ ಹಗ್ಗದ ಗುರುತು ತಾನಾಗಿ ಬರುವಂಥದ್ದಲ್ಲ. ಹಾಸಿಗೆ ಹಿಡಿದ ಹೆಂಗಸರ ಮೇಲೆ, ನೋಡಿಕೊಳ್ಳಲು ಬಂದವರಿಂದಲೇ ಹೇಳಬಾರದಂಥದ್ದು ನಡೆದದ್ದೂ ಇದೆ. ಇದನ್ನು ಬರೆಯದೆ ಬಿಟ್ಟರೆ ಪಾಠ ಅರ್ಧವಾಗುತ್ತದೆ.

ಹಾಸಿಗೆ ಹುಣ್ಣನ್ನು ಎಲ್ಲರೂ ವಿಧಿ ಎಂದುಕೊಳ್ಳುತ್ತಾರೆ. ಬಹುಪಾಲು ಹುಣ್ಣುಗಳನ್ನು ತಡೆಯಲು ಸಾಧ್ಯ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಒದ್ದೆ ಬಟ್ಟೆ ಕೂಡಲೇ ತೆಗೆಯಬೇಕು. ಬಾಲದ ಮೂಳೆ, ಸೊಂಟ, ಹಿಮ್ಮಡಿಗಳನ್ನು ದಿನವೂ ನೋಡಬೇಕು. ಬೆರಳಿನಿಂದ ಒತ್ತಿದರೂ ಮಾಯವಾಗದ ಕೆಂಪು ಕಂಡರೆ ಅದೇ ಹುಣ್ಣಿನ ಆರಂಭ. ಮೂಳೆ ಕಾಣುವವರೆಗೂ ಯಾರ ಕಣ್ಣಿಗೂ ಬೀಳಲಿಲ್ಲ ಎಂದರೆ ಅಷ್ಟು ದಿನ ಯಾರೂ ಆ ಮೈಯನ್ನು ತಿರುಗಿಸಿ ನೋಡಿಲ್ಲ ಎಂದೇ ಅರ್ಥ.

ಮನಸ್ಸಿನ ಗಾಯಕ್ಕೆ ಕಲೆಯಿಲ್ಲ. ಮನೆಯಲ್ಲಿ ಐದು ಜನವಿದ್ದೂ ಇಡೀ ದಿನ ಯಾರೂ ಮಾತಾಡಿಸದಿರುವುದು, ಮೊಮ್ಮಕ್ಕಳನ್ನು ‘ದಾದಿಯ ಹತ್ತಿರ ಹೋಗಬೇಡ’ ಎಂದು ತಡೆಯುವುದು, ಮಗಳು ಫೋನ್ ಮಾಡಿದರೆ ‘ಮಲಗಿದ್ದಾರೆ’ ಎನ್ನುವುದು, ಮುರಿದ ಕನ್ನಡಕವನ್ನು ತಿಂಗಳುಗಟ್ಟಲೆ ಸರಿಮಾಡಿಸದಿರುವುದು, ಜುಮಾಕ್ಕೆ ಕರೆದೊಯ್ಯಲು ಎಲ್ಲರಿಗೂ ಅವಸರವೇ ಆಗಿರುವುದು. ಒಂದೊಂದಾಗಿ ನೋಡಿದರೆ ಸಣ್ಣ ವಿಷಯಗಳು. ತಂದೆ ತಾಯಿಗೆ ‘ಉಫ್’ ಎಂಬ ಉದ್ಗಾರವನ್ನೂ ಕುರ್‌ಆನ್ ನಿಷೇಧಿಸಿದೆ (17:23). ಅಂದ ಮೇಲೆ ಇವುಗಳನ್ನು ಸಣ್ಣವು ಎಂದು ಕರೆಯುವ ಅಧಿಕಾರ ನಮಗಿಲ್ಲ.

ಒಂದು ಎಚ್ಚರಿಕೆ ಮನೆಯವರ ಪರವಾಗಿಯೂ ಹೇಳಬೇಕು. ಮರೆವಿನ ಕಾಯಿಲೆ ಬಂದವರು ತಾವೇ ಎತ್ತಿಟ್ಟ ಬಳೆಯನ್ನು ಸೊಸೆ ಕದ್ದಳೆನ್ನುತ್ತಾರೆ, ಊಟ ಮಾಡಿ ಅರ್ಧ ಗಂಟೆಗೆ ಅನ್ನವೇ ಹಾಕಲಿಲ್ಲ ಎನ್ನುತ್ತಾರೆ. ಅದು ಕಾಯಿಲೆಯ ಲಕ್ಷಣ. ಹಾಗೆಂದು ಮರೆವಿದ್ದವರ ಮಾತನ್ನೆಲ್ಲ ತಳ್ಳಿಹಾಕುವುದೂ ತಪ್ಪು. ತೂಕ ನೋಡಿ, ಮೈ ನೋಡಿ, ಬ್ಯಾಂಕ್ ಪಾಸ್‌ಬುಕ್ ನೋಡಿ. ದೇಹ ಮತ್ತು ಲೆಕ್ಕ ಸುಳ್ಳು ಹೇಳುವುದಿಲ್ಲ.

ಹಣ ಮತ್ತು ಹೆಬ್ಬೆಟ್ಟು

ಕತಗಾಲದಂಥ ಊರಿನವರಿಗೆ ಕಚೇರಿ ಕೆಲಸವೆಂದರೆ ಕುಮಟಾಕ್ಕೆ ಹೋಗಬೇಕು. ಮಳೆಗಾಲದಲ್ಲಿ ಚಂಡಿಕಾ ಹೊಳೆ ಉಕ್ಕಿ ರಸ್ತೆ ಬಂದಾದರೆ ಅದೂ ಇಲ್ಲ. ಮಂಡಿ ನೋಯುವ ಹಿರಿಯರು ಮನೆಯಲ್ಲೇ ಉಳಿಯುತ್ತಾರೆ, ಕಾಗದಗಳು ಮನೆಗೆ ಬರುತ್ತವೆ. ‘ಇಲ್ಲೊಂದು ಹೆಬ್ಬೆಟ್ಟು ಹಾಕಿ ಅಬ್ಬಾ, ಪಿಂಚಣಿದು’ ಎಂಬ ಮಾತು ಕೇಳಲು ಎಷ್ಟು ಸಲೀಸು! ಓದಿಸದೆ ಹೆಬ್ಬೆಟ್ಟು ಹಾಕಬೇಡಿ. ಓದುವವರು ಕಾಗದ ತಂದವರಲ್ಲದೆ ಬೇರೆಯವರಾಗಿರಲಿ. ಇಂದೇ ಆಗಬೇಕೆಂದು ಅವಸರ ಮಾಡಿದರೆ ನಾಳೆ ಎನ್ನಿ.

ಸಂಧ್ಯಾ ಸುರಕ್ಷಾದ ತಿಂಗಳ 1,200 ರೂಪಾಯಿ ನಿಮ್ಮದು. ಗೃಹಲಕ್ಷ್ಮಿಯ 2,000 ರೂಪಾಯಿ ಪಡಿತರ ಚೀಟಿಯಲ್ಲಿ ಯಜಮಾನಿ ಎಂದು ಯಾರ ಹೆಸರಿದೆಯೋ ಅವರದ್ದು. ಎಟಿಎಂ ಕಾರ್ಡು ಮತ್ತು ಅದರ ಗುಟ್ಟಿನ ಸಂಖ್ಯೆ ಎರಡೂ ಬೇರೆಯವರ ಕೈಯಲ್ಲಿದ್ದರೆ ತಿಂಗಳಿಗೊಮ್ಮೆಯಾದರೂ ಪಾಸ್‌ಬುಕ್ ತುಂಬಿಸಿ ನೋಡಿ. ಮನೆ ಖರ್ಚಿಗೆ ಕೊಡುವುದು ಬೇರೆ, ಕಿತ್ತುಕೊಳ್ಳುವುದು ಬೇರೆ. ಕೊಟ್ಟದ್ದು ನೀವು ಎಂದಾದರೆ ಎಷ್ಟು ಕೊಟ್ಟಿರಿ ಎಂಬುದು ನಿಮಗೆ ಗೊತ್ತಿರುತ್ತದೆ. ದುಬೈಯಲ್ಲೋ ರಿಯಾದ್‌ನಲ್ಲೋ ಇರುವ ಮಗ ‘ಅಮ್ಮಿಯ ಔಷಧಿಗೆ’ ಎಂದು ತಮ್ಮನ ಖಾತೆಗೆ ಕಳಿಸಿದ ಹಣ ಅಮ್ಮಿಯವರೆಗೆ ಬರದಿರುವುದು ನಮ್ಮ ಕರಾವಳಿಯ ಹಳೆಯ ಕಥೆ. ದೂರದಲ್ಲಿರುವ ಮಕ್ಕಳೇ, ಔಷಧಿ ಅಂಗಡಿಗೆ ನೇರ ಕಟ್ಟಿ. ವೀಡಿಯೋ ಕರೆಯಲ್ಲಿ ಮುಖ ಮಾತ್ರವಲ್ಲ, ಕೋಣೆಯನ್ನೂ ತೋರಿಸಲು ಹೇಳಿ. ಫೋನಿಗೆ ಬರುವ ಒಟಿಪಿ ಸಂಖ್ಯೆ ಕೇಳಿ, ಪೊಲೀಸರೆಂದು ಹೆದರಿಸಿ ಹಣ ದೋಚುವವರ ಬಗ್ಗೆಯೂ ಎಚ್ಚರ. ಅಂಥದ್ದಾದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಆಸ್ತಿಯ ವಿಷಯ ಇನ್ನೂ ಸೂಕ್ಷ್ಮ. ಗಂಡ ತೀರಿಕೊಂಡಾಗ ಮಕ್ಕಳಿರುವ ವಿಧವೆಗೆ ಎಂಟನೇ ಒಂದು ಪಾಲು, ಮಕ್ಕಳನ್ನು ಬಿಟ್ಟು ತೀರಿಕೊಂಡ ಮಗನ ಆಸ್ತಿಯಲ್ಲಿ ತಾಯಿಗೆ ಆರನೇ ಒಂದು ಪಾಲು ಕುರ್‌ಆನ್ ನಿಗದಿ ಮಾಡಿದ್ದು. ಇದನ್ನು ಯಾರೂ ದಯೆಯಿಂದ ಕೊಡುವುದಲ್ಲ. ಆದರೂ ಇದ್ದತ್ ಮುಗಿಯುವ ಮೊದಲೇ ತಾಯಿಯಿಂದ ಹಕ್ಕು ಬಿಡುಗಡೆ ಪತ್ರ ಬರೆಸಿಕೊಳ್ಳುವವರಿದ್ದಾರೆ. ತಂದೆ ಬದುಕಿರುವಾಗಲೇ ‘ಹಿಬಾ ಮಾಡಿಬಿಡಿ, ಮುಂದೆ ಜಗಳ ಬೇಡ’ ಎನ್ನುವವರೂ ಇದ್ದಾರೆ. ಹಿಬಾ ಎಂದರೆ ಕೊಟ್ಟೆ ಎಂಬ ಘೋಷಣೆ, ತೆಗೆದುಕೊಂಡೆ ಎಂಬ ಒಪ್ಪಿಗೆ, ಸ್ವಾಧೀನ ಬಿಟ್ಟುಕೊಡುವುದು. ಇವು ಮೂರೂ ಆದರೆ ಆಸ್ತಿ ನಿಮ್ಮ ಕೈಬಿಟ್ಟಂತೆ. ವಸಿಯ್ಯತ್ ಹಾಗಲ್ಲ, ಬದುಕಿರುವಷ್ಟು ಕಾಲ ಬದಲಿಸಬಹುದು. ಆದರೆ ಅದಕ್ಕೆ ಮೂರನೇ ಒಂದು ಭಾಗದ ಮಿತಿಯಿದೆ, ವಾರಸುದಾರರಿಗೆ ಕೊಡುವುದಾದರೆ ಉಳಿದ ವಾರಸುದಾರರ ಒಪ್ಪಿಗೆಯೂ ಬೇಕು. ನಾನು ವೈದ್ಯ, ಫತ್ವಾ ಕೊಡುವವನಲ್ಲ. ಆಲಿಮರೊಬ್ಬರನ್ನು, ವಕೀಲರೊಬ್ಬರನ್ನು, ಇಬ್ಬರನ್ನೂ ಕೇಳದೆ ಮನೆ ತೋಟ ಬರೆದುಕೊಡಬೇಡಿ ಎಂಬುದಷ್ಟೇ ನನ್ನ ಮಾತು. ಬರೆಯಲೇಬೇಕಾದರೆ ‘ನನ್ನ ಊಟ, ವಸತಿ, ಔಷಧಿ, ಆರೈಕೆ ನೋಡಿಕೊಳ್ಳಬೇಕು’ ಎಂಬ ಷರತ್ತು ಪತ್ರದೊಳಗೇ ಬರಲಿ.

ಈ ಷರತ್ತಿಗೆ ಯಾಕಿಷ್ಟು ಒತ್ತು? ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ, 2007ರ 23ನೇ ಕಲಮಿನ ಪ್ರಕಾರ, ಆರೈಕೆಯ ಷರತ್ತಿನ ಮೇಲೆ ಆಸ್ತಿ ಪಡೆದವರು ಆರೈಕೆ ಮಾಡದಿದ್ದರೆ ಆ ವರ್ಗಾವಣೆಯನ್ನು ರದ್ದುಪಡಿಸಲು ಹಿರಿಯರು ಕೇಳಬಹುದು. ಷರತ್ತು ಇತ್ತೆಂದು ತೋರಿಸಲೇಬೇಕು ಎಂದು ಸುಪ್ರೀಂ ಕೋರ್ಟು 2022ರ ಡಿಸೆಂಬರ್‌ನಲ್ಲಿ ಹೇಳಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ತಾಯಿಯೊಬ್ಬರ ಪ್ರಕರಣದಲ್ಲಿ ಇದೇ ನ್ಯಾಯಾಲಯ, ಈ ಕಾಯ್ದೆಯನ್ನು ಹಿರಿಯರಿಗೆ ಅನುಕೂಲವಾಗುವಂತೆ ಅರ್ಥೈಸಬೇಕೆಂದು ಹೇಳಿ, ಮಗನಿಗೆ ಬರೆದ ದಾನಪತ್ರ ರದ್ದುಮಾಡಿ ಆಸ್ತಿ ಮರಳಿಸಲು ಆದೇಶಿಸಿತು. ಅಲ್ಲಿ ದಾನಪತ್ರದ ಜೊತೆಗೆ ಮಗನ ವಾಗ್ದಾನ ಪತ್ರವೂ ಇತ್ತು. ಬಾಯಿಮಾತಿಗಿಂತ ಒಂದು ಹಾಳೆ ಮೇಲು.

ಸಹನೆ ಮತ್ತು ಮೌನ

‘ಮನೆಯ ಮಾತು ಹೊರಗೆ ಹೋಗಬಾರದು ಡಾಕ್ಟ್ರೇ, ಸಬರ್ ಮಾಡ್ತೇನೆ’ ಎಂದು ನನ್ನ ಮುಂದೆ ಹೇಳಿದ ತಾಯಂದಿರನ್ನು ಲೆಕ್ಕವಿಟ್ಟಿಲ್ಲ. ಮಗನ ಮರ್ಯಾದೆ ಕಾಪಾಡಲು ತಾಯಿ ತನ್ನ ಮೈಯ ಕಲೆಗೆ ತಾನೇ ಸುಳ್ಳು ಕಾರಣ ಹುಡುಕುತ್ತಾಳೆ. ಸಬರ್ ದೊಡ್ಡ ಗುಣ. ಆದರೆ ಕಾಯಿಲೆಗೆ ಸಬರ್ ಮಾಡಿ ಔಷಧಿ ಬಿಡು ಎಂದು ಯಾವ ಹಕೀಮನೂ ಹೇಳುವುದಿಲ್ಲ. ಅನ್ಯಾಯ ಮಾಡುವವನ ಕೈ ತಡೆಯುವುದೂ ಅವನಿಗೆ ಮಾಡುವ ಸಹಾಯವೇ ಎಂದು ಪ್ರವಾದಿ(ಸ)ಯವರು ಕಲಿಸಿದ್ದಾರೆ. ನಿಮ್ಮ ಮೌನದಿಂದ ಮಗನಿಗೂ ಒಳಿತಿಲ್ಲ.

ಸೊಸೆಯ ಬಗ್ಗೆ ಎರಡು ಮಾತು. ಇಂಥ ಚರ್ಚೆಯಲ್ಲಿ ಮೊದಲ ಬೆರಳು ಅವಳ ಕಡೆಗೇ ತಿರುಗುತ್ತದೆ. ಬೆಳಿಗ್ಗೆ ಐದಕ್ಕೆ ಎದ್ದು ಮಕ್ಕಳ ಶಾಲೆ, ಅಡುಗೆ, ಹಾಸಿಗೆ ಹಿಡಿದ ಮಾವನ ಬಟ್ಟೆ ಬದಲಿಸುವುದು ಎಲ್ಲವನ್ನೂ ಒಬ್ಬಳೇ ಮಾಡುವವಳು ಒಂದು ದಿನ ಕಿರುಚಿದರೆ ಆ ಕಿರುಚಾಟಕ್ಕೆ ಅವಳೊಬ್ಬಳೇ ಹೊಣೆಯಲ್ಲ. ತಂದೆ ತಾಯಿಯ ಹೊಣೆ ಮೊದಲು ಮಗನದು, ಮಗಳದು. ಗಂಡಸರು ಫೋನ್ ನೋಡುತ್ತ ಕೂತು ‘ಅಮ್ಮಿಯನ್ನು ಸರಿಯಾಗಿ ನೋಡಿಕೋ’ ಎಂದು ಹೆಂಡತಿಗೆ ಹುಕುಂ ಕೊಡುವುದು ಸೇವೆಯಲ್ಲ. ಮಗ ದಿನಕ್ಕೊಮ್ಮೆ ತಂದೆಯ ವುಝೂವಿಗೆ ನೀರು ಹಿಡಿಯಲಿ, ಮಗ್ಗುಲು ಬದಲಿಸಲಿ. ಹೆಣ್ಣುಮಕ್ಕಳು ತಿಂಗಳಲ್ಲಿ ಕೆಲವು ದಿನ ಬಂದು ಅಣ್ಣನ ಹೆಂಡತಿಗೆ ವಿಶ್ರಾಂತಿ ಕೊಡಲಿ. ದಣಿವು ಹಂಚಿದ ಮನೆಯಲ್ಲಿ ಕೈ ಎತ್ತುವುದು ಕಡಿಮೆ. ನಾನು ಕಂಡ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಔಷಧಿಯಿಲ್ಲ.

ಕೆಲವರು ಕಡೆಗೆ ಆಸ್ಪತ್ರೆಯಲ್ಲೇ ಬಿಟ್ಟು ಹೋಗುತ್ತಾರೆ. ಬೆಳಗಾವಿ ವೈದ್ಯಕೀಯ ವಿಜ್ಞಾನ ಸಂಸ್ಥೆಯೊಂದರಲ್ಲೇ 150ಕ್ಕೂ ಹೆಚ್ಚು ಹಿರಿಯರನ್ನು ಮನೆಯವರು ಹೀಗೆ ಬಿಟ್ಟಿದ್ದರೆಂಬುದು 2025ರಲ್ಲಿ ಹೊರಬಂತು. ಅಂಥ ಮಕ್ಕಳ ಮೇಲೆ ಸಹಾಯಕ ಆಯುಕ್ತರಿಗೆ ದೂರು ಕೊಡಬೇಕೆಂದು ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲರು ವೈದ್ಯಕೀಯ ಸಂಸ್ಥೆಗಳಿಗೆ ಸೂಚಿಸಿದರು. ಹಿರಿಯರನ್ನು ಹೀಗೆ ತೊರೆಯುವುದು 2007ರ ಕಾಯ್ದೆಯಂತೆ ಅಪರಾಧ. ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಯಾರಿಗೆ ಹೇಳಬೇಕು?

ಮೊದಲು ಒಬ್ಬರಿಗೆ ಹೇಳಿ. ತಂಗಿ, ಮಗಳು, ನೆರೆಯವರು, ಮಸೀದಿಯ ಇಮಾಮರು, ಆಶಾ ಕಾರ್ಯಕರ್ತೆ, ಯಾರಾದರೂ ಸರಿ. ವೈದ್ಯರಲ್ಲಿಗೆ ಹೋದಾಗ ‘ಐದು ನಿಮಿಷ ನಾನೊಬ್ಬಳೇ ಮಾತಾಡಬೇಕು’ ಎನ್ನಿ. ಪ್ರತಿ ಪ್ರಶ್ನೆಗೂ ನಿಮ್ಮ ಬದಲು ಇನ್ನೊಬ್ಬರೇ ಉತ್ತರಿಸುತ್ತಿದ್ದರೆ ವೈದ್ಯರೇ ಅವರನ್ನು ಹೊರಗೆ ಕಳಿಸಬೇಕು. ಹೊಡೆತದ ಗುರುತಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ದಾಖಲಿಸಿಕೊಳ್ಳಿ. ಆ ಚೀಟಿ ಮುಂದೆ ಬೇಕಾಗುತ್ತದೆ. ಜೀವಕ್ಕೆ ಅಪಾಯವಿದ್ದರೆ 112. ಸಲಹೆ, ನೆರವಿಗೆ ಹಿರಿಯರ ಸಹಾಯವಾಣಿ 14567. ಈ ಎರಡು ಸಂಖ್ಯೆಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ತಲೆದೆಸೆಯಲ್ಲಿ ಅಂಟಿಸಿಕೊಳ್ಳಿ.

ಜಮಾಅತ್‌ನ ಹಿರಿಯರು ಕೂತು ಮಾತಾಡಿಸಿದರೆ ಎಷ್ಟೋ ಮನೆಗಳು ಸರಿಯಾಗುತ್ತವೆ. ಅಲ್ಲಿ ಆದ ಒಪ್ಪಂದ ಬರವಣಿಗೆಯಲ್ಲಿರಲಿ, ತಿಂಗಳ ನಂತರ ಯಾರಾದರೂ ಬಂದು ವಿಚಾರಿಸಲಿ. ‘ಸರ್ಕಾರದ ಕಡೆ ಹೋಗಬೇಡಿ’ ಎಂದು ಮಾತ್ರ ಯಾರೂ ಕಟ್ಟಿಹಾಕಬಾರದು.

ಅಲ್ಲಿಗೂ ಬಗೆಹರಿಯದಿದ್ದರೆ ಸಹಾಯಕ ಆಯುಕ್ತರ ನ್ಯಾಯಮಂಡಳಿ ಇದೆ. ಕತಗಾಲ, ಕುಮಟಾದವರಿಗೆ ಕುಮಟಾದ ಕಚೇರಿ, ಹೊನ್ನಾವರ ಮತ್ತು ಭಟ್ಕಳದವರಿಗೆ ಭಟ್ಕಳದ ಕಚೇರಿ. ವಕೀಲರಿಲ್ಲದೆಯೂ ಅರ್ಜಿ ಕೊಡಬಹುದು. ನಡೆಯಲಾಗದಿದ್ದರೆ ನೀವು ಒಪ್ಪಿಗೆ ಕೊಟ್ಟ ವ್ಯಕ್ತಿ ಅಥವಾ ಸಂಸ್ಥೆ ನಿಮ್ಮ ಪರವಾಗಿ ಕೊಡಬಹುದು. ಮಕ್ಕಳಿಲ್ಲದವರು ತಮ್ಮ ಆಸ್ತಿ ಅನುಭವಿಸುವ ಅಥವಾ ಮುಂದೆ ಪಡೆಯಲಿರುವ ಬಂಧುವಿನ ಮೇಲೆ ಕೇಳಬಹುದು. ಪೋಷಣೆಗೆ ತಿಂಗಳಿಗೆ 10,000 ರೂಪಾಯಿವರೆಗೆ ಆದೇಶಿಸಲು ಅವಕಾಶವಿದೆ. ನೋಟಿಸು ತಲುಪಿದ 90 ದಿನಗಳೊಳಗೆ ತೀರ್ಮಾನವಾಗಬೇಕು, ವಿಶೇಷ ಕಾರಣವಿದ್ದರೆ ಇನ್ನೂ 30 ದಿನ. ಆದೇಶ ಸರಿಕಾಣದಿದ್ದರೆ 60 ದಿನಗಳೊಳಗೆ ಮೇಲ್ಮನವಿ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ನೆರವು ಸಿಗುತ್ತದೆ. ನ್ಯಾಯಾಲಯದ ಆವರಣದಲ್ಲಿ ವಿಚಾರಿಸಿ.

ಅರ್ಜಿಯಲ್ಲಿ ನಿಮ್ಮ ಹೆಸರು, ವಯಸ್ಸು, ವಿಳಾಸ, ಮಕ್ಕಳ ಹೆಸರು ವಿಳಾಸ, ಏನಾಯಿತು, ನಿಮಗೇನು ಬೇಕು ಎಂಬುದನ್ನು ನಿಮ್ಮ ಮಾತಿನಲ್ಲೇ ಬರೆಸಿ. ಜೊತೆಗೆ ಆಧಾರ್, ಪಾಸ್‌ಬುಕ್, ಪಹಣಿ ಅಥವಾ ದಾನಪತ್ರ, ವೈದ್ಯರ ಚೀಟಿಗಳ ನಕಲು ಇರಲಿ. ಮೂಲ ಕಾಗದಗಳನ್ನು ಯಾರ ಕೈಗೂ ಕೊಡಬೇಡಿ. ಅರ್ಜಿಯ ಎರಡು ಪ್ರತಿ ಒಯ್ದು, ಒಂದರ ಮೇಲೆ ಕಚೇರಿಯ ಮೊಹರು ಮತ್ತು ತಾರೀಕು ಹಾಕಿಸಿಕೊಂಡು ಮನೆಗೆ ತನ್ನಿ. ಆ ಪ್ರತಿಯನ್ನು ನಿಮ್ಮ ಪೆಟ್ಟಿಗೆಯಲ್ಲಲ್ಲ, ನೀವು ಮೊದಲು ವಿಷಯ ಹೇಳಿದ್ದಿರಲ್ಲ, ಅವರ ಮನೆಯಲ್ಲಿ ಇಡಿ.